ಶುಗರ್ ನಮ್ಮ ವಂಶದಲ್ಲೇ ಇದೆ ಡಾಕ್ಟ್ರೇ, ನಡೆದು ಏನು ಪ್ರಯೋಜನ?

ಪ್ರಶ್ನೆ (ಹೊಸನಗರ ಕಡೆಯ ಅಡಿಕೆ ಬೆಳೆಗಾರ, 41 ವರ್ಷ):
ಅಜ್ಜನಿಗೆ ಶುಗರ್ ಇತ್ತು. ಅಪ್ಪನಿಗೂ ಐವತ್ತಕ್ಕೇ ಬಂತು. ಈ ಸಲ ನಾನೂ ಚೆಕ್ ಮಾಡಿಸಿದೆ. ಮೂರು ತಿಂಗಳ ಸರಾಸರಿ ಅಂತಾರಲ್ಲ, ಎಚ್‌ಬಿಎ1ಸಿ, ಅದು 6.1 ಬಂದಿದೆ. ರಿಪೋರ್ಟ್ ನೋಡಿದವರು "ವಂಶದಲ್ಲೇ ಇದೆ, ಇವತ್ತಲ್ಲ ನಾಳೆ ಬರೋದೇ" ಅಂದರು. ಮೊಬೈಲ್‌ನಲ್ಲಿ ಒಬ್ಬರು "ಅಭ್ಯಾಸ ಬದಲಾಯಿಸಿದರೆ ಜೀನೇ ಬದಲಾಗುತ್ತದೆ" ಅಂತಾರೆ. ಯಾವುದು ನಿಜ? ತೋಟಕ್ಕೆ ಹೋಗುತ್ತೇನೆ, ಆದರೆ ಈಗ ಬೈಕ್‌ನಲ್ಲಿ. ದಿನಕ್ಕೆ ಐದು ಲೋಟ ಕಾಫಿ. ಎರಡು ತುಡುವೆ ಜೇನಿನ ಪೆಟ್ಟಿಗೆ ಇವೆ, ಹಾಗಾಗಿ ಜೇನುತುಪ್ಪವೂ ನಡೆಯುತ್ತದೆ.

ಡಾಕ್ಟರ್:
ಮೊದಲು ನಿಮ್ಮ ನಂಬರ್. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ.

ಇನ್ನು ಜೀನ್ ವಿಷಯ. ನಿಮ್ಮ ಪೆಟ್ಟಿಗೆಯಲ್ಲೇ ಉತ್ತರ ಇದೆ. ಎರಿಯ ಕೆಳಗಡೆ ನೆಲಗಡಲೆ ಕಾಯಿಯ ಹಾಗೆ ಜೋತಾಡುವ ರಾಣಿ ಕೋಶ ನೋಡಿದ್ದೀರಿ, ಅಲ್ವಾ? ಅದರೊಳಗಿನ ಮರಿಗೂ ಪಕ್ಕದ ಕೋಶದ ಕೆಲಸಗಾರ ಮರಿಗೂ ಜೀನ್‌ನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಕೆಲಸಗಾರ ಮರಿಗೆ ಮೊದಲ ಎರಡು ಮೂರು ದಿನ ರಾಜಶಾಹಿ ರಸ (ರಾಯಲ್ ಜೆಲ್ಲಿ), ಆಮೇಲೆ ಪರಾಗ, ಜೇನುತುಪ್ಪ ಸೇರಿದ ಊಟ. ರಾಣಿ ಮರಿಗೆ ಕೊನೆತನಕ ರಸವೇ. ಅಷ್ಟಕ್ಕೇ ಕೆಲಸಗಾರ ಕೆಲವು ವಾರ ದುಡಿದು ಸಾಯುತ್ತದೆ, ರಾಣಿ ವರ್ಷಗಟ್ಟಲೆ ಬದುಕಿ ಮೊಟ್ಟೆ ಇಡುತ್ತದೆ. ಜೀನ್ ಅವೇ, ಆದರೆ ಯಾವುದು ಓದಿಸಿಕೊಳ್ಳುತ್ತದೆ, ಯಾವುದು ಸುಮ್ನಿರುತ್ತದೆ ಅನ್ನೋದು ಬೇರೆ. ಡಿಎನ್ಎ ಮೇಲೆ ಮೀಥೈಲ್ ಅನ್ನುವ ಸಣ್ಣ ಗುರುತುಗಳು ಕೂತಿರುತ್ತವೆ. ಜೀನ್ ಶುರುವಾಗುವ ಜಾಗದಲ್ಲಿ ಅವು ಜಾಸ್ತಿ ಕೂತರೆ ಸಾಮಾನ್ಯವಾಗಿ ಆ ಜೀನ್ ತಣ್ಣಗಾಗುತ್ತದೆ. 2008ರಲ್ಲಿ ಆಸ್ಟ್ರೇಲಿಯಾದವರು ಜೇನುಮರಿಗಳಲ್ಲಿ ಈ ಗುರುತು ಹಾಕುವ ಒಂದು ಕಿಣ್ವವನ್ನು ಅಡಗಿಸಿ ನೋಡಿದರು. ರಾಜಶಾಹಿ ಉಪಚಾರ ಇಲ್ಲದೆಯೇ ಬಹುಪಾಲು ಮರಿಗಳು ರಾಣಿಯಾಗಿ ಬೆಳೆದವು.

ಹಾಗಾಗಿ ಮೊಬೈಲ್‌ನವರು ಹೇಳಿದ್ದು ಅರ್ಧ ಸರಿ. ಜೀನಿನ ಅಕ್ಷರ ಬದಲಾಗಲ್ಲ, ಅದರ ಓದು ಬದಲಾಗುತ್ತದೆ. ಮನುಷ್ಯರಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಸ್ವೀಡನ್ನಿನದು, 2014ರದ್ದು. 23 ಜನರಿಗೆ ಒಂದೇ ಕಾಲಿಗೆ ವ್ಯಾಯಾಮ ಮಾಡಿಸಿದರು. ವಾರಕ್ಕೆ ನಾಲ್ಕು ಸಲ, 45 ನಿಮಿಷ, ಮೂರು ತಿಂಗಳು. ಇನ್ನೊಂದು ಕಾಲು ಆರಾಮ. ಎರಡೂ ಕಾಲು ಒಬ್ಬನವೇ, ಊಟ ಅದೇ, ನಿದ್ದೆ ಅದೇ, ಅಜ್ಜನೂ ಅದೇ! ಆದರೂ ವ್ಯಾಯಾಮ ಮಾಡಿದ ಕಾಲಿನ ಸ್ನಾಯುವಿನಲ್ಲಿ ಸುಮಾರು 5,000 ಜಾಗಗಳಲ್ಲಿ ಮೀಥೈಲ್ ಗುರುತು ಬದಲಾಗಿತ್ತು.

ಇದರಿಂದ ಶುಗರ್ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಚೆನ್ನೈಯಲ್ಲಿ ನಿಮ್ಮಂಥ ಹೊಸ್ತಿಲಿನವರನ್ನೇ ಮೂರು ವರ್ಷ ನೋಡಿದ ಅಧ್ಯಯನ 2006ರಲ್ಲಿ ಬಂತು. ಸುಮ್ನೆ ಇದ್ದವರಲ್ಲಿ ನೂರಕ್ಕೆ 55 ಜನರಿಗೆ ಶುಗರ್ ಬಂತು. ದಿನಾ ನಡೆದು, ಊಟ ಸರಿ ಮಾಡಿಕೊಂಡವರಲ್ಲಿ 39. ಆ 39ರಲ್ಲಿ ನೀವೂ ಇರಬಹುದು. ಆದರೆ "ಬರೋದೇ" ಅಂದವರ ಲೆಕ್ಕವೂ ತಪ್ಪು.

ಬೈಕ್ ಮನೆಯಲ್ಲಿ ಬಿಡಿ. ಐದು ಲೋಟಕ್ಕೆ ಎಷ್ಟು ಚಮಚ ಸಕ್ಕರೆ ಅಂತ ಒಂದು ದಿನ ಎಣಿಸಿ, ಇಲ್ಲೇ ಬರೆಯಿರಿ. ಆರು ತಿಂಗಳ ಮೇಲೆ ಮತ್ತೆ ಟೆಸ್ಟ್ ಮಾಡಿಸಿ.

ಪ್ರಶ್ನೆ (ಸಾಗರದಿಂದ):
ಅಡಿಕೆ ಸುಲಿತದ ಸೀಸನ್‌ನಲ್ಲಿ ನಮಗೆ ನಿದ್ದೆ ನಾಲ್ಕೈದು ಗಂಟೆ ಅಷ್ಟೇ. ಅದೂ ಲೆಕ್ಕಕ್ಕೆ ಬರುತ್ತಾ?

ಡಾಕ್ಟರ್:
ಬರುತ್ತದೆ. 2013ರಲ್ಲಿ ಇಂಗ್ಲೆಂಡಿನಲ್ಲಿ 26 ಜನರಿಗೆ ಒಂದು ವಾರ ಆರು ಗಂಟೆಗಿಂತ ಕಡಿಮೆ ನಿದ್ದೆ ಕೊಟ್ಟು ರಕ್ತ ನೋಡಿದರು. 711 ಜೀನ್‌ಗಳ ಚಟುವಟಿಕೆ ಏರುಪೇರಾಗಿತ್ತು. ಸೀಸನ್ ನಿಲ್ಲಿಸಿ ಅಂತ ಹೇಳೋಕಾಗಲ್ಲ, ನಾನೂ ಸುಲಿಯೋ ಮನೆಯಲ್ಲೇ ಹುಟ್ಟಿದವನು. ಆದರೆ ಸುಲಿತ ಮುಗಿದ ಮೇಲೂ ರಾತ್ರಿ ಒಂದರವರೆಗೆ ಮೊಬೈಲ್ ನೋಡ್ತೀರಲ್ಲ, ಅದನ್ನು ಅಡಿಕೆ ತಲೆಗೆ ಕಟ್ಟಬೇಡಿ.

ಪ್ರಶ್ನೆ (ತೀರ್ಥಹಳ್ಳಿಯಿಂದ, ಹಿರಿಯರೊಬ್ಬರು):
ನಾನು ತಂಬಾಕು ಬಿಟ್ಟು ಹತ್ತು ವರ್ಷ ಆಯಿತು. ಈಗ ಬರೀ ಕವಳ. ಎಲೆ, ಸುಣ್ಣ, ಅಡಿಕೆ ಅಷ್ಟೇ. ನಮ್ಮಪ್ಪನೂ ಜೀವನಪೂರ್ತಿ ಹಾಕಿದವರು. ತೊಂದರೆ ಇಲ್ಲ ಅಲ್ವಾ?

ಡಾಕ್ಟರ್:
ಇದಕ್ಕೆ ಉತ್ತರ ಬರೆದರೆ ನಮ್ಮ ಊರಿನವರೇ ಬೈಯುತ್ತಾರೆ. ಬೈಯಲಿ.

ತಂಬಾಕು ಬಿಟ್ಟಿದ್ದು ದೊಡ್ಡ ಕೆಲಸ. ಬೀಡಿ, ಸಿಗರೇಟ್ ಸೇದುವವರ ರಕ್ತದಲ್ಲಿ ಎಎಚ್ಆರ್‌ಆರ್ ಅನ್ನುವ ಜೀನಿನ ಮೇಲಿನ ಮೀಥೈಲ್ ಗುರುತು ಎದ್ದು ಕಾಣುವಷ್ಟು ಕಡಿಮೆಯಾಗಿರುತ್ತದೆ. ಬಿಟ್ಟ ಮೇಲೆ ವರ್ಷಗಳಲ್ಲಿ ನಿಧಾನವಾಗಿ ವಾಪಸ್ ಬರುತ್ತದೆ, ಎಲ್ಲರಲ್ಲೂ ಪೂರ್ತಿ ಅಲ್ಲ. ಅಂದರೆ ದೇಹ ಲೆಕ್ಕ ಇಡುತ್ತದೆ, ಬಿಟ್ಟಿದ್ದನ್ನೂ ಬರೆದುಕೊಳ್ಳುತ್ತದೆ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ತಂಬಾಕು ಇಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಸಾಲಿಗೆ, ಸೇರಿಸಿದೆ. ನಮ್ಮ ಹೊಟ್ಟೆ ತುಂಬಿಸಿದ ಬೆಳೆ ಅಂತ ಬಾಯಿಗೆ ಗೊತ್ತಾಗಲ್ಲ. ಈಗಲೇ ಒಂದು ಕೆಲಸ ಮಾಡಿ. ತೋರು, ನಡು, ಉಂಗುರ, ಮೂರೂ ಬೆರಳು ಜೋಡಿಸಿ ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಿ. ಹೋಗುತ್ತಾ? ಹೋಗದಿದ್ದರೆ, ಸಾರಿನ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಈ ವಾರವೇ ದಂತ ವೈದ್ಯರಿಗೆ ತೋರಿಸಿ. ಅಪ್ಪನಿಂದ ನಿಮಗೆ ಬಂದಿದ್ದು ಜೀನ್ ಮಾತ್ರ ಅಲ್ಲ, ಕವಳದ ತಟ್ಟೆಯೂ ಬಂತು. ನಮ್ಮ ಕಡೆ "ವಂಶದ ಕಾಯಿಲೆ" ಅನ್ನೋದರಲ್ಲಿ ಇದೂ ಸೇರಿರುತ್ತದೆ.

ಪ್ರಶ್ನೆ (ಶಿವಮೊಗ್ಗ ಸಿಟಿ):
ಸೊಸೆಗೆ ಮೂರು ತಿಂಗಳು. ಗರ್ಭದಲ್ಲಿದ್ದಾಗಿನ ಊಟ ಮಗುವಿನ ಜೀನ್‌ಗೆ ತಟ್ಟುತ್ತದಂತೆ, ಹೌದಾ? ನಮ್ಮದು ಪೂರ್ತಿ ಸಸ್ಯಾಹಾರ.

ಡಾಕ್ಟರ್:
ತಟ್ಟುತ್ತದೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಹಾಲೆಂಡಿನಲ್ಲಿ ಘೋರ ಬರಗಾಲ ಬಂತು. ಆಗಷ್ಟೇ ಗರ್ಭ ಕಟ್ಟಿದ್ದ ಮಕ್ಕಳಲ್ಲಿ ಆರು ದಶಕದ ನಂತರವೂ ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲೆ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. ಹೆದರಬೇಡಿ, ಅದು ಉಪವಾಸದ ಕಥೆ. ನಿಮ್ಮ ಮನೆಯಲ್ಲಿ ನೋಡಬೇಕಾದ್ದು ಬಿ12. ಒಂದೆಲಗದ ತಂಬುಳಿ, ಬಸಳೆ ಎಲ್ಲ ಚೆನ್ನ, ಆದರೆ ಸೊಪ್ಪಿನಲ್ಲಿ ಬಿ12 ಸಿಗಲ್ಲ. ಹಾಲು, ಮೊಸರಿನಲ್ಲಿ ಸ್ವಲ್ಪ ಇದೆ. ಮುಂದಿನ ರಕ್ತಪರೀಕ್ಷೆಯಲ್ಲಿ ಅದನ್ನೂ ಸೇರಿಸಲು ಅವರ ಡಾಕ್ಟರ್ ಹತ್ತಿರ ಕೇಳಿ. ಫೋಲಿಕ್ ಆಸಿಡ್, ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ.

ಪ್ರಶ್ನೆ (ಇನ್ನೊಬ್ಬರು):
ಜೀನ್ ಆನ್ ಮಾಡುವ ಪುಡಿ ಅಂತ ಒಬ್ಬರು ಮಾರುತ್ತಿದ್ದಾರೆ. ತಗೊಳ್ಳಲಾ?

ಡಾಕ್ಟರ್:
ಬೇಡ. ಆ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಶೂ ತಗೊಳ್ಳಿ.

ಮೊದಲ ಪ್ರಶ್ನೆ ಕೇಳಿದವರು:
ಎಣಿಸಿದೆ ಡಾಕ್ಟ್ರೇ. ಐದು ಲೋಟಕ್ಕೆ ಹನ್ನೊಂದು ಚಮಚ. ಮನೆಯವಳು ಲೆಕ್ಕ ಕೇಳಿ ನಕ್ಕಳು. ನಾಳೆಯಿಂದ ಸಕ್ಕರೆ ಬಂದ್. ಬೆಲ್ಲದ ಕಾಫಿ ಕುಡಿಯಬಹುದಲ್ವಾ?

ಡಾಕ್ಟರ್:
ಬೆಲ್ಲವೂ ಸಕ್ಕರೆಯೇ. ಜೇನುತುಪ್ಪವೂ ಅದೇ ಲೆಕ್ಕ.

ಮೊದಲ ಪ್ರಶ್ನೆ ಕೇಳಿದವರು:
ಜೋನಿ ಬೆಲ್ಲ?

ಡಾಕ್ಟರ್:
ಜೋನಿ ಬೆಲ್ಲವೂ.