ಸಹಾಯ ಬೇಕು: ಹಕ್ಕಿ ಎಣಿಕೆಯಲ್ಲಿ ಹಾರಿ ಜಾಗ ಬದಲಿಸಿದ ಬಾತುಗಳನ್ನು ಹೇಗೆ ಲೆಕ್ಕ ಹಾಕೋದು?

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯೋ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಕೆರೆ ಹತ್ತಿರ ಎಣಿಸೋಕೆ ಹೆಸರು ಕೊಟ್ಟಿದ್ದೇನೆ. ಕನಿಷ್ಠ 15 ನಿಮಿಷ ನೋಡಿ, ಕಂಡದ್ದನ್ನೆಲ್ಲ ಇಬರ್ಡ್ ಅನ್ನೋ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಬೇಕು, ಅಷ್ಟು ಗೊತ್ತು. ಅಭ್ಯಾಸಕ್ಕೆ ಅಂತ ಈಗಲೇ ಎಣಿಸುತ್ತಿದ್ದೇನೆ. ಬೆಳ್ಳಕ್ಕಿ, ನೀರುಕಾಗೆ ಇವೆಲ್ಲ ತೊಂದರೆ ಇಲ್ಲ, ಬಿಡಿಬಿಡಿಯಾಗಿ ಕೂತಿರುತ್ತವೆ.

ಕಷ್ಟ ಇರೋದು ಸೂಜಿಬಾಲದ ಬಾತುಗಳದ್ದು. ಒತ್ತೊತ್ತಾಗಿ ತೇಲ್ತಾ ಇರುತ್ತವೆ, ಅರ್ಧಕ್ಕರ್ಧ ತಲೆ ನೀರಲ್ಲಿ ಮುಳುಗಿಸಿ ಬಾಲ ಮೇಲೆ ಮಾಡಿರುತ್ತವೆ. ಹತ್ತು ಹಕ್ಕಿ ಎಣಿಸಿ, ಅಷ್ಟಗಲದ ಗುಂಪು ಎಷ್ಟಿದೆ ಅಂತ ಅಂದಾಜು ಮಾಡಿ ನೋಡಿದೆ. ಫೋಟೋ ತೆಗೆದು ಮನೆಗೆ ಬಂದು ಚುಕ್ಕೆ ಇಡುತ್ತಾ ಎಣಿಸಿದೆ, ಫೋಟೋದಲ್ಲಿ ಯಾವಾಗಲೂ ಜಾಸ್ತಿ ಬರುತ್ತೆ. ಅದೂ ಹೋಗಲಿ, ಎಣಿಕೆ ನಡುವೆ ಹದ್ದು ಬಂದರೆ ಮುಗೀತು, ಇಡೀ ಗುಂಪು ಎದ್ದು ಚದುರಿ ಆಚೆ ದಡದಲ್ಲಿ ಇಳಿಯುತ್ತೆ. ಅಲ್ಲಿ ಮೊದಲೇ ಒಂದಷ್ಟು ಬಾತು ಇದ್ದವು, ಅವನ್ನು ನಾನಿನ್ನೂ ಎಣಿಸಿರಲಿಲ್ಲ. ಎರಡೂ ಕಲಸಿಹೋದ ಮೇಲೆ ಯಾವುದು ಹಳೇದು, ಯಾವುದು ಹೊಸದು ಅಂತ ಹೇಗೆ ಹೇಳೋದು?

ಸಂಖ್ಯೆ ಬದಲು ಬರೀ ಎಕ್ಸ್ ಹಾಕಬಹುದು, ನಿಜ. ಆದರೆ ಹಕ್ಕಿ ಇತ್ತು ಅಂತಷ್ಟೇ ಆಗುತ್ತೆ, ಎಷ್ಟಿತ್ತು ಅನ್ನೋದೇ ಹೋಗುತ್ತೆ. ವಲಸೆ ಬಾತುಗಳ ವಿಷಯದಲ್ಲಿ ಆ ಸಂಖ್ಯೆ ಮುಖ್ಯ ಅಲ್ವಾ?

ಎಣಿಸಿ ಅನುಭವ ಇರೋರು ಹೇಳಿ: ಹೀಗಾದಾಗ ಮೊದಲ ಲೆಕ್ಕ ಬಿಟ್ಟು ಇಳಿದ ಮೇಲೆ ಮತ್ತೆ ಪೂರ್ತಿ ಎಣಿಸಬೇಕಾ, ಅಥವಾ ಒಟ್ಟಿಗೆ ಕಂಡ ಅತಿ ದೊಡ್ಡ ಸಂಖ್ಯೆಯನ್ನೇ ಹಾಕಬೇಕಾ?