ಎರಡು ಪಕ್ಷಗಳ ಒಪ್ಪಂದಕ್ಕೆ ‘ಪಕ್ಷಾತೀತ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಅಮೆರಿಕದ ರಾಸಾಯನಿಕ ಸುರಕ್ಷತಾ ಕಾಯ್ದೆಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಬೈಪಾರ್ಟಿಸನ್’ (ಎರಡೂ ಪಕ್ಷಗಳು ಸೇರಿ ಒಪ್ಪಿದ) ಎಂಬ ಪದ ಮೂರು ದಿನಗಳಿಂದ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ.

ಸಂದರ್ಭ ಇದು. ಅಲ್ಲಿನ 1976ರ ಕಾಯ್ದೆಯು ಆಗ ಮಾರುಕಟ್ಟೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆಯಿಲ್ಲದೆಯೇ ಮುಂದುವರಿಯಲು ಬಿಟ್ಟಿತ್ತು. ಅದನ್ನು ತಿದ್ದಲು 2013ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ ಲೌಟೆನ್‌ಬರ್ಗ್ ಮತ್ತು ರಿಪಬ್ಲಿಕನ್ ಪಕ್ಷದ ಡೇವಿಡ್ ವಿಟರ್ ಸೇರಿ ಸೆನೆಟ್‌ನಲ್ಲಿ ಮಸೂದೆ ತಂದರು. ಎರಡು ವಾರ ತುಂಬುವ ಮೊದಲೇ ಲೌಟೆನ್‌ಬರ್ಗ್ ತೀರಿಕೊಂಡರು. ಅವರ ಪಕ್ಷದ ಟಾಮ್ ಉಡಾಲ್ ಆ ಕೆಲಸವನ್ನು ಹೊತ್ತರು. 2016ರ ಮೇ ತಿಂಗಳಲ್ಲಿ ಕೆಳಮನೆ 403–12 ಮತಗಳಿಂದ ಒಪ್ಪಿತು. ಜೂನ್ 22ರಂದು ಒಬಾಮ ಸಹಿ ಹಾಕಿದರು. ಕಾಯ್ದೆಗೆ ಲೌಟೆನ್‌ಬರ್ಗ್ ಹೆಸರನ್ನೇ ಇಡಲಾಯಿತು.

ಇದನ್ನು ‘ದ್ವಿಪಕ್ಷೀಯ ಮಸೂದೆ’ ಎಂದರೆ ಪತ್ರಿಕೆ ಓದುವವರ ಮನಸ್ಸಿಗೆ ಎರಡು ದೇಶಗಳ ಮಾತುಕತೆ ಬರುತ್ತದೆ. ‘ಸರ್ವಪಕ್ಷ’ ಎಂದರೆ ಮುಖ್ಯಮಂತ್ರಿ ಕರೆದ ಸಭೆ ನೆನಪಾಗುತ್ತದೆ. ಹಾಗಾಗಿ ಹಲವರು ‘ಪಕ್ಷಾತೀತ’ ಎಂದು ಬರೆಯುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಪಕ್ಷವನ್ನು ಮೀರಿ ನಿಂತವರು ಪಕ್ಷಾತೀತರು. ಇಲ್ಲಿ ಯಾರೂ ಮೀರಲಿಲ್ಲ. ತಮ್ಮ ತಮ್ಮ ಪಕ್ಷದಲ್ಲಿ ನಿಂತೇ ಚೌಕಾಸಿ ಮಾಡಿದರು. ಹಳೆಯ ರಾಸಾಯನಿಕಗಳ ಪರಿಶೀಲನೆ ಕಡ್ಡಾಯವಾಯಿತು. ಅದಕ್ಕೆ ಪ್ರತಿಯಾಗಿ, ರಾಜ್ಯಗಳು ತಮ್ಮದೇ ನಿಯಮ ಮಾಡುವ ಅಧಿಕಾರಕ್ಕೆ ಮಿತಿ ಬಂತು. ಈ ಕೊಡುಕೊಳ್ಳುವಿಕೆಯೇ ಕಥೆಯ ಜೀವ. ‘ಪಕ್ಷಾತೀತ’ ಎಂದ ಕೂಡಲೇ ಅದು ಮಾಯವಾಗಿ, ಸಜ್ಜನರೆಲ್ಲ ಕೂಡಿ ಒಳ್ಳೆಯದನ್ನು ಮಾಡಿದರು ಎಂಬಷ್ಟೇ ಉಳಿಯುತ್ತದೆ.

‘ಉಭಯಪಕ್ಷ’ಕ್ಕೆ ನ್ಯಾಯಾಲಯದ ವಾಸನೆಯಿದೆ: ವಾದಿ, ಪ್ರತಿವಾದಿ. ಆದರೆ ಅದೇ ಅನುಕೂಲ ಎಂದು ಈಗ ಅನ್ನಿಸುತ್ತಿದೆ. ಎದುರುಬದುರು ನಿಂತವರು ಒಪ್ಪಿದರು ಎಂಬ ಭಾವ ಅದರಲ್ಲಿ ತಾನಾಗಿ ಬರುತ್ತದೆ. ‘ಉಭಯಪಕ್ಷ ಸಮ್ಮತ ಮಸೂದೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಒಂದೇ ತೊಂದರೆ, ಮರುವಾಕ್ಯದಲ್ಲೇ ‘ಉಭಯ ಸದನಗಳು’ ಬರುತ್ತವೆ. ಅಲ್ಲಿ ‘ಎರಡೂ ಮನೆಗಳು’ ಎಂದರೆ ಸರಿಹೋದೀತೇ?

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಆ ಕಾಯ್ದೆಯ ಕೀಲಿಮಾತು ‘ಅನ್‌ರೀಸನಬಲ್ ರಿಸ್ಕ್’, ಅಂದರೆ ಸರ್ಕಾರ ತಡೆಯಲೇಬೇಕಾದಷ್ಟು ಅಪಾಯ. ಕಲ್ನಾರನ್ನು (ಆಸ್ಬೆಸ್ಟಾಸ್) ಬಹುಮಟ್ಟಿಗೆ ನಿಷೇಧಿಸಿ 1989ರಲ್ಲಿ ಹೊರಡಿಸಿದ ಆದೇಶದ ಹೆಚ್ಚಿನ ಭಾಗವನ್ನು 1991ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಮುಖ್ಯ ಕಾರಣ, ಉದ್ಯಮಕ್ಕೆ ಅತಿ ಕಡಿಮೆ ಹೊರೆಯಾಗುವ ದಾರಿಯನ್ನೇ ಆರಿಸಬೇಕು ಎಂಬ ಷರತ್ತು ಹಳೆಯ ಕಾಯ್ದೆಯಲ್ಲಿತ್ತು. ಹೊಸದರಲ್ಲಿ ಆ ಷರತ್ತಿಲ್ಲ. ಅಪಾಯ ಎಷ್ಟು ಎಂದು ತೀರ್ಮಾನಿಸುವಾಗ ಖರ್ಚಿನ ಲೆಕ್ಕ ತರುವಂತೆಯೂ ಇಲ್ಲ. ಮಾತು ಅದೇ ಉಳಿಯಿತು, ಅಳತೆಗೋಲು ಬದಲಾಯಿತು. ಕನ್ನಡದಲ್ಲಿ ಎರಡಕ್ಕೂ ಹೊಂದುವ ಒಂದೇ ಪದ ಬೇಕು.

‘ಅವಿವೇಕದ ಅಪಾಯ’ ಸಲ್ಲದು. ವಿವೇಕ ಮನುಷ್ಯರದು, ಅಪಾಯದ್ದಲ್ಲ. ‘ಅಸಮಂಜಸ’ ತೀರಾ ಸಪ್ಪೆ. ಕಾನೂನು ಕನ್ನಡದಲ್ಲಿ ‘ಯುಕ್ತ ಕಾರಣ’ ಎಂಬ ಬಳಕೆ ಇರುವುದರಿಂದ ‘ಅಯುಕ್ತ ಅಪಾಯ’ ನೇರವಾಗಿ ಒದಗುತ್ತದೆ. ಆದರೆ ಒಂದು ದೀರ್ಘ ತಪ್ಪಿ ಬಿದ್ದರೆ ಅಚ್ಚಿನಲ್ಲಿ ‘ಆಯುಕ್ತ’ರು ಬಂದು ಕೂರುತ್ತಾರೆ. ‘ಒಪ್ಪಲಾಗದ ಅಪಾಯ’ ಎಂಬುದು ನನಗೆ ಇಷ್ಟ. ಕಲ್ನಾರಿನ ದೂಳು ಕುಡಿದು ಕೆಲಸ ಮಾಡುವವರಿಗೂ ಅದು ಅರ್ಥವಾಗುತ್ತದೆ. ಕಾನೂನು ಅನುವಾದದಲ್ಲಿ ಪಳಗಿದವರು ಇದಕ್ಕೆ ಒಪ್ಪುತ್ತೀರಾ? ‘ಯುಕ್ತ’ವನ್ನು ಬಿಟ್ಟರೆ ಏನಾದರೂ ಕಳೆದುಹೋಗುತ್ತದೆಯೇ ಎಂಬುದನ್ನೂ ತಿಳಿಸಿ.