‘ಫಿಲ್ಟರ್’ ಅಂದರೆ ಸೋಸುವುದೋ, ಹೆಕ್ಕುವುದೋ, ಮರೆಮಾಡುವುದೋ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ವಾಕ್ಯಕ್ಕೆ ಸರಿಯಾದ ಕನ್ನಡ ಬೇಕಾಗಿದೆ. ಎರಡು ವಾರದಿಂದ ಅದೇ ತಲೆಯಲ್ಲಿ ಓಡುತ್ತಿದೆ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಪತ್‌ಪೇಢಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಊರ ಕಡೆ ಇದನ್ನೇ ಪತ್ತಿನ ಸಹಕಾರಿ ಸಂಘ ಅನ್ನುತ್ತೇವೆ. ಕೆಲಸಕ್ಕಿರುವ ಹನ್ನೊಂದು ಮಂದಿಯಲ್ಲಿ ಎಂಟು ಜನ ಕನ್ನಡದವರು. ಉಡುಪಿ, ಕುಂದಾಪುರದ ಕಡೆಯವರೇ ಜಾಸ್ತಿ, ಇಬ್ಬರು ಮಾತ್ರ ವಿಜಯಪುರದವರು. ನಮ್ಮದು ಮುಖ್ಯವಾಗಿ ಪಿಗ್ಮಿ ವ್ಯವಹಾರ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಉಡುಪಿಯಲ್ಲಿ ಶುರುಮಾಡಿದ ಪದ್ಧತಿ ಅದು. ನಮ್ಮ ಏಜೆಂಟರು ದಿನಾ ಹೋಟೆಲು, ಅಂಗಡಿ ಸುತ್ತಿ ಹಣ ತಂದು ಕಟ್ಟುತ್ತಾರೆ. ಒಬ್ಬೊಬ್ಬ ಗುಮಾಸ್ತರಿಗೆ ಇಂತಿಷ್ಟು ಏಜೆಂಟರು ಅಂತ ಹಂಚಿದೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡುವ ಹಾಗಿಲ್ಲ.

ಪಟ್ಟಿ ತೆರೆಯುವುದು ಎಕ್ಸೆಲ್‌ನಲ್ಲಿ. ಲೆಕ್ಕವೆಲ್ಲ ಇರುವುದು ಮಾಹಿತಿ ಕೂಡಿಡುವ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ. ಕಂಪ್ಯೂಟರಿಗೆ ಯಾರು ಲಾಗಿನ್ ಆಗಿದ್ದಾರೋ ಅವರ ಏಜೆಂಟರ ಲೆಕ್ಕ ಮಾತ್ರ ಬರಬೇಕು. ಇದನ್ನು ವಿವರಿಸಿ ಕನ್ನಡದಲ್ಲಿ ಆರು ಪುಟದ ಕೈಪಿಡಿ ಬರೆದೆ. ಅದರ ಮೊದಲ ಪುಟದಲ್ಲೇ ಈ ವಾಕ್ಯ ಇತ್ತು: ‘ಪ್ರಶ್ನೆಯನ್ನು ಚಾಲ್ತಿ ಬಳಕೆದಾರರ ಪ್ರಕಾರ ಸೋಸಿ.’

ಒಂದೊಂದು ಪದವೂ ನಿಘಂಟಿಗೆ ಸರಿ. ಆದರೆ ನಮ್ಮ ಆಫೀಸಿನಲ್ಲಿ ಯಾರಿಗೂ ಅದು ನಾನಂದುಕೊಂಡ ಅರ್ಥ ಕೊಡಲಿಲ್ಲ.

‘ಚಾಲ್ತಿ’ ಅಂದರೆ ನಮ್ಮಲ್ಲಿ ಚಾಲ್ತಿ ಖಾತೆ. ‘ಬಳಕೆದಾರ’ ಅಂದರೆ ಗ್ರಾಹಕ. ಕರಾವಳಿಯವರಿಗೆ ಇದು ಹೊಸದೇನಲ್ಲ, ಬಳಕೆದಾರರ ವೇದಿಕೆ ಅಂದರೆ ಗ್ರಾಹಕರ ಪರ ನಿಲ್ಲುವ ವೇದಿಕೆ ಅಂತಲೇ ಅವರಿಗೆ ಗೊತ್ತು. ಹೀಗಾಗಿ ಕೌಂಟರಿನಲ್ಲಿರುವ ಅಕ್ಕ ಒಬ್ಬರು, ಎದುರಿಗೆ ನಿಂತ ಚಾಲ್ತಿ ಖಾತೆಯ ಗ್ರಾಹಕರ ಹೆಸರು ಹಾಕಿ ಹುಡುಕಿದರು. ಪಟ್ಟಿ ಖಾಲಿ ಬಂತು. ಅವರು ಓದಿದ್ದರಲ್ಲಿ ಏನೂ ತಪ್ಪಿಲ್ಲ. ಬರೆದದ್ದೇ ಹಾಗಿತ್ತು.

ಇನ್ನು ‘ಪ್ರಶ್ನೆ’, ಅಂದರೆ ಇಂಥ ಮಾಹಿತಿ ಕೊಡು ಅಂತ ಸರ್ವರ್‌ಗೆ ಕಳಿಸುವ ಆದೇಶ. ಅದರ ಬದಲು ‘ಕ್ವೆರಿ’ ಅಂತಲೇ ಇಡೋಣ ಅಂದುಕೊಂಡೆ. ನಮ್ಮಲ್ಲಿ ಕ್ವೆರಿ ಬಂದಿದೆ ಅಂದರೆ ಆಡಿಟರು ಏನೋ ಕೇಳಿದ್ದಾರೆ ಅಂತ ಅರ್ಥ, ಎಲ್ಲರಿಗೂ ಎದೆ ಧಸಕ್ಕೆನ್ನುತ್ತದೆ. ಮರಾಠಿಯ ಗೆಳೆಯರು ‘ಚೌಕಶಿ’ ಅನ್ನಿ ಅಂದರು. ಅವರಲ್ಲಿ ಅದು ವಿಚಾರಣೆ. ನಮ್ಮ ಕಿವಿಗೆ ಮಾತ್ರ ತರಕಾರಿ ಅಂಗಡಿಯ ಚೌಕಾಸಿ. ಕೊನೆಗೆ ಆ ಪದವನ್ನೇ ಬಿಟ್ಟು ‘ಸರ್ವರ್‌ನಿಂದ ಪಟ್ಟಿ ತರಿಸಿ’ ಅಂತ ಬರೆದೆ. ಈಗ ಯಾರೂ ಏನೂ ಕೇಳುತ್ತಿಲ್ಲ.

ನಿಜವಾದ ತೊಡಕು ‘ಸೋಸು’ವಿನದು. ಅದನ್ನೇ ನಿಮ್ಮ ಮುಂದೆ ಇಡಬೇಕು ಅಂತ ಈ ಪತ್ರ.

ಮೊದಲು ಮಾಡಿದ್ದ ಕಡತದಲ್ಲಿ ಎಲ್ಲರ ಲೆಕ್ಕವೂ ಹಾಳೆಗೆ ಬಂದು ಬೀಳುತ್ತಿತ್ತು. ಆಮೇಲೆ ಲಾಗಿನ್ ಹೆಸರು ನೋಡಿ ಎಕ್ಸೆಲ್ ಫಿಲ್ಟರ್ ಹಾಕುತ್ತಿತ್ತು. ಒಂದು ದಿನ ವಿಜಯಪುರದ ಗುಮಾಸ್ತರು ಬಂದು ಕೇಳಿದರು, ‘ಅಲ್ರೀ ಸರ್, ಸೋಸಿದ ಮ್ಯಾಲೂ ಕೆಳಗಿನ ಮೊತ್ತದಾಗ ಎಲ್ಲಾರ್ದೂ ಯಾಕ ಸೇರಿ ಬರ್ತೈತಿ?’ ಬಹಳ ಒಳ್ಳೆಯ ಪ್ರಶ್ನೆ. ನಾನು ಮೊತ್ತಕ್ಕೆ ‘ಸಮ್’ ಸೂತ್ರ ಹಾಕಿದ್ದೆ. ಫಿಲ್ಟರ್ ಹಾಕಿದಾಗ ಕಾಣದೆ ಹೋಗುವ ಸಾಲುಗಳನ್ನೂ ಅದು ಕೂಡಿಸುತ್ತದೆ. ‘ಸಬ್‌ಟೋಟಲ್’ ಸೂತ್ರವಾದರೆ ಅವನ್ನು ಬಿಟ್ಟು ಕಂಡದ್ದನ್ನು ಮಾತ್ರ ಕೂಡಿಸುತ್ತದೆ.

ಆದರೆ ಅವರ ಅನುಮಾನ ಸೂತ್ರದ್ದಲ್ಲ, ಪದದ್ದು. ಚಹಾ ಸೋಸಿದ ಮೇಲೆ ಲೋಟದಲ್ಲಿ ಚರಟ ಇರುತ್ತದೆಯೇ? ಅವರ ಮನೆಯಲ್ಲಿ ಸಾಣಿಗೆ ಹಿಡಿದು ಹಿಟ್ಟು ಸಾಣಿಸಿದ ಮೇಲೆ ತವುಡು ಹಿಟ್ಟಿನಲ್ಲಿ ಉಳಿಯುತ್ತದೆಯೇ? ಸೋಸುವುದು, ಸಾಣಿಸುವುದು, ಜರಡಿ ಹಿಡಿಯುವುದು, ಮೊರದಲ್ಲಿ ಕೇರುವುದು, ಎಲ್ಲದರಲ್ಲೂ ಬೇಡದ್ದು ಬೇರೆಯಾಗಿ ಆಚೆ ಹೋಗುತ್ತದೆ. ಎಕ್ಸೆಲ್‌ನ ಫಿಲ್ಟರಿನಲ್ಲಿ ಏನೂ ಆಚೆ ಹೋಗುವುದಿಲ್ಲ. ಸಾಲುಗಳು ಅಲ್ಲೇ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ತಲೆಸಾಲಿನ ಬಾಣದ ಗುರುತು ಒತ್ತಿ ಎಲ್ಲವನ್ನೂ ಆರಿಸಿದರೆ ಇನ್ನೊಬ್ಬರ ಏಜೆಂಟರ ಲೆಕ್ಕ ಎದ್ದು ನಿಲ್ಲುತ್ತದೆ. ಕಡತವನ್ನು ಮೇಲ್ ಮಾಡಿದರೆ ಅದೆಲ್ಲವೂ ಜೊತೆಗೇ ಹೋಗುತ್ತದೆ. ‘ಸೋಸಿದೆ’ ಅಂತ ನಂಬಿದವರು ಧೈರ್ಯವಾಗಿ ಕಳಿಸಿಬಿಡುತ್ತಾರೆ ಅಲ್ವಾ? ಇದು ಬರೀ ಭಾಷೆಯ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬ ಹೋಟೆಲ್ ಮಾಣಿ ದಿನಕ್ಕೆ ಎಷ್ಟು ಕಟ್ಟುತ್ತಾನೆ ಅನ್ನುವುದು ಅವನ ಗುಟ್ಟು.

ಈಗ ಕಡತ ಬದಲಾಗಿದೆ. ತರಿಸುವಾಗಲೇ ಸರ್ವರ್ ಲಾಗಿನ್ ಹೆಸರು ನೋಡುತ್ತದೆ. ಕ್ವೆರಿಯಲ್ಲಿ ಷರತ್ತು ಹಾಕುವ ‘ವೇರ್’ ಭಾಗದಲ್ಲಿ ‘ಎಸ್‌ಯೂಸರ್_ಎಸ್‌ನೇಮ್’ ಅನ್ನುವ ಫಂಕ್ಷನ್ ಇಟ್ಟಿದ್ದೇನೆ. ಯಾರು ಸಂಪರ್ಕ ಮಾಡಿದ್ದಾರೋ ಅವರ ಹೆಸರನ್ನು ಅದು ಕೊಡುತ್ತದೆ. ವಿಂಡೋಸ್ ಲಾಗಿನ್ ಆದರೆ ಡೊಮೇನ್ (ಆಫೀಸಿನ ಕಂಪ್ಯೂಟರ್ ಜಾಲ) ಹೆಸರೂ ಮುಂದೆ ಸೇರಿ ಬರುತ್ತದೆ, ಹಾಗಾಗಿ ನಮ್ಮ ಪಟ್ಟಿಯಲ್ಲೂ ಹಾಗೇ ಬರೆದಿಡಬೇಕಾಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ವಿಂಡೋಸ್ ಲಾಗಿನ್ನಿನಿಂದಲೇ ಸರ್ವರ್‌ಗೆ ಹೋಗಬೇಕು. ಎಲ್ಲರಿಗೂ ಒಂದೇ ಸರ್ವರ್ ಪಾಸ್‌ವರ್ಡ್ ಕೊಟ್ಟುಬಿಟ್ಟರೆ ಸರ್ವರ್‌ಗೆ ಎಲ್ಲರೂ ಒಬ್ಬರೇ. ಇನ್ನೊಂದು ಮಾತು. ಒಬ್ಬರು ಪಟ್ಟಿ ತರಿಸಿ ಸೇವ್ ಮಾಡಿದ ಕಡತವನ್ನು ಇನ್ನೊಬ್ಬರು ತೆರೆದರೆ, ಮತ್ತೆ ತರಿಸುವ ತನಕ ಹಳೆಯ ಪಟ್ಟಿಯೇ ಕಾಣುತ್ತದೆ. ಅದಕ್ಕೆ ತೆರೆದ ಕೂಡಲೇ ತರಿಸುವ ಹಾಗೆ, ಸೇವ್ ಮಾಡುವ ಮೊದಲು ಅಳಿಸುವ ಹಾಗೆ ಆಯ್ಕೆ ಹಾಕಿದ್ದೇನೆ.

ಹಾಳೆಯಲ್ಲಿ ಕಾಣದಂತೆ ಮಾಡುವುದು, ಸರ್ವರ್‌ನಲ್ಲೇ ಬೇಕಾದ್ದನ್ನು ಮಾತ್ರ ತೆಗೆದು ಕೊಡುವುದು, ಈ ಎರಡು ಕೆಲಸಕ್ಕೂ ಇಂಗ್ಲಿಷಿನಲ್ಲಿ ‘ಫಿಲ್ಟರ್’ ಒಂದೇ ಪದ. ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ ಸಾಲು ಸಾಲಿಗೂ ಕಾವಲು ಹಾಕುವ ಸೌಲಭ್ಯ ಬಂತು, ಅದರ ನಿಯಮಕ್ಕೂ ಹೆಸರು ಫಿಲ್ಟರ್ ಅಂತಲೇ. ಕನ್ನಡದಲ್ಲಿ ನಾವು ಯಾಕೆ ಆ ಗೊಂದಲವನ್ನು ಹೊತ್ತುಕೊಳ್ಳಬೇಕು? ನಮಗೆ ಪದಗಳಿಗೆ ಬರವಿಲ್ಲ.

ಹಾಳೆಯೊಳಗಿನ ಫಿಲ್ಟರಿಗೆ ‘ಮರೆಮಾಡು’ ಸಾಕು ಅಂತ ನನ್ನ ಅಭಿಪ್ರಾಯ. ಮರೆಯಲ್ಲಿ ಇದ್ದದ್ದು ಇದ್ದೇ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಸರ್ವರ್ ಮಾಡುವ ಕೆಲಸಕ್ಕೆ ‘ಹೆಕ್ಕು’ ಹಿಡಿಸಿದೆ. ನಮ್ಮ ಕಡೆ ಗೇರುಬೀಜ ಹೆಕ್ಕುತ್ತೇವೆ, ಅಡಿಕೆ ಹೆಕ್ಕುತ್ತೇವೆ. ಹೆಕ್ಕಿದ್ದು ಬುಟ್ಟಿಗೆ ಬರುತ್ತದೆ, ಹೆಕ್ಕದ್ದು ತೋಟದಲ್ಲೇ ಉಳಿಯುತ್ತದೆ. ಸರ್ವರ್‌ನಲ್ಲಿ ಆಗುವುದೂ ಹಾಗೇ. ನಿಮ್ಮ ಸಾಲುಗಳು ನಿಮ್ಮ ಬುಟ್ಟಿಗೆ, ಉಳಿದದ್ದು ಅಲ್ಲೇ. ವಿಜಯಪುರದವರು ‘ಆರಿಸು’ ಅನ್ನಿ ಅಂದರು. ನನಗೆ ಒಂದು ಅಳುಕು ಇದೆ. ಚುನಾವಣೆಯಲ್ಲಿ ಆರಿಸುವುದು ಬೇಕಾದವರನ್ನು. ಅಕ್ಕಿ ಆರಿಸುವಾಗ ಕೈಗೆ ಬರುವುದು ಕಲ್ಲು.

‘ಸಾಲು’ ಬಗ್ಗೆಯೂ ಎಚ್ಚರ ಬೇಕು ಅನ್ನಿಸಿದೆ. ಸಾಲ ಕೊಡುವ ಸಂಸ್ಥೆಯಲ್ಲಿ ಒಂದು ಕೊಂಬು ತಪ್ಪಿದರೆ ‘ಸಾಲಗಳನ್ನು ಮರೆಮಾಡಿ’ ಅಂತ ಅಚ್ಚಾಗುತ್ತದೆ. ಕರಡನ್ನು ಮೂರು ಸಲ ತಿದ್ದಿದ್ದೇನೆ.

ಉಳಿದದ್ದು ‘ಚಾಲ್ತಿ ಬಳಕೆದಾರ’. ಇಲ್ಲಿ ನಿಮ್ಮ ಸಹಾಯ ಬೇಕೇ ಬೇಕು. ಇದರಲ್ಲಿ ಮೂರು ಜನ ಇದ್ದಾರೆ. ವಿಂಡೋಸಿಗೆ ಲಾಗಿನ್ ಆದವರು ಒಬ್ಬರು. ಎಕ್ಸೆಲ್‌ನ ಆಯ್ಕೆಗಳಲ್ಲಿ ಹೆಸರು ಬರೆದಿರುವವರು ಇನ್ನೊಬ್ಬರು. ‘ಅಪ್ಲಿಕೇಶನ್.ಯೂಸರ್‌ನೇಮ್’ ಅನ್ನುವ ಎಕ್ಸೆಲ್ ಮ್ಯಾಕ್ರೋ ಪದ ಕೊಡುವುದು ಈ ಎರಡನೆಯ ಹೆಸರನ್ನು, ಅದನ್ನು ಯಾರು ಬೇಕಾದರೂ ಬದಲಿಸಬಹುದು. ‘ಎನ್ವಿರಾನ್’ ಅನ್ನುವ ಮ್ಯಾಕ್ರೋ ಫಂಕ್ಷನ್ ಮೂಲಕ ಸಿಗುವ ಲಾಗಿನ್ ಹೆಸರನ್ನೂ ತಿಳಿದವರು ಬದಲಿಸಿಯಾರು. ಮೂರನೆಯವರು ನಿಜವಾಗಿ ಕುರ್ಚಿಯಲ್ಲಿ ಕೂತವರು. ಸಹೋದ್ಯೋಗಿ ಊಟಕ್ಕೆ ಎದ್ದಾಗ ಅವರ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಈ ಮೂರನೆಯವರು, ಅವರನ್ನು ಸರ್ವರ್ ಗುರುತಿಸುವುದಿಲ್ಲ. ಮೂವರಿಗೂ ‘ಬಳಕೆದಾರ’ ಅಂದರೆ ಓದುವವರಿಗೆ ಯಾರು ಅಂತ ಹೇಗೆ ತಿಳಿಯಬೇಕು?

ಸದ್ಯಕ್ಕೆ ನಾನು ಬರೆದಿರುವುದು ಹೀಗೆ: ‘ಲಾಗಿನ್ ಆದವರ ಸಾಲುಗಳನ್ನು ಮಾತ್ರ ಸರ್ವರ್ ಹೆಕ್ಕಿ ಕೊಡುತ್ತದೆ.’

ನನ್ನ ಪ್ರಶ್ನೆಗಳು ಎರಡೇ. ಮೈಸೂರು, ತುಮಕೂರಿನ ಕಡೆಯವರಿಗೆ ‘ಹೆಕ್ಕು’ ಸಲೀಸಾಗಿ ತಿಳಿಯುತ್ತದೆಯೇ, ಇಲ್ಲಾ ಅಲ್ಲಿ ಬೇರೆ ಪದ ಇದೆಯೇ? ‘ಲಾಗಿನ್ ಆದವರು’ ಅನ್ನುವುದಕ್ಕೆ ‘ಒಳಬಂದವರು’ ಅಂದರೆ ಹೇಗೆ? ನಮ್ಮ ಅಕ್ಕ ಒಬ್ಬರು ಅದನ್ನು ಓದಿ, ಬಾಗಿಲಿನಿಂದ ಒಳಬಂದ ಗ್ರಾಹಕರಾ ಅಂತ ಕೇಳಿದರು. ಅದಕ್ಕೇ ನಿಲ್ಲಿಸಿದ್ದೇನೆ. ಕೈಪಿಡಿಯ ತಿದ್ದಿದ ಪ್ರತಿ ಬರುವ ಬುಧವಾರ ಪ್ರಿಂಟಿಗೆ ಹೋಗುತ್ತದೆ, ಅಷ್ಟರೊಳಗೆ ಹೇಳಿದರೆ ಸೇರಿಸುತ್ತೇನೆ.